ಪದವಿ ಕೊಡುವ ಅಧಿಕಾರ: ಚಂದಾಪುರದ ಸುತ್ತಲಿನ ಖಾಸಗಿ ವಿಶ್ವವಿದ್ಯಾಲಯಗಳು ಮತ್ತು ಮಾನ್ಯತೆಯ ಇತಿಹಾಸ

ಬೆಂಗಳೂರಿನಿಂದ ಹೊಸೂರಿಗೆ ಸಾಗುವ ಹೆದ್ದಾರಿಯಲ್ಲಿ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶವನ್ನು ದಾಟಿದೊಡನೆ ಸಿಗುವ ಚಂದಾಪುರವು, ಆನೇಕಲ್ ಪಟ್ಟಣಕ್ಕೆ ಒಂದು ದಾರಿಯೂ ದೊಮ್ಮಸಂದ್ರ, ಸರ್ಜಾಪುರಗಳ ಕಡೆಗೆ ಇನ್ನೊಂದು ದಾರಿಯೂ ಒಡೆಯುವ ಕೂಡುರಸ್ತೆಯ ಊರು. ಈ ಊರಿನಿಂದ ಆನೇಕಲ್ಲಿಗೆ ಹೋಗುವ ರಸ್ತೆಯಲ್ಲಿ ಚಿಕ್ಕಹಾಗಡೆ ಕ್ರಾಸ್ ಬಳಿ ಅಲಯನ್ಸ್ ವಿಶ್ವವಿದ್ಯಾಲಯವಿದೆ. ಸರ್ಜಾಪುರ ಹೋಬಳಿಯ ಬುರುಗುಂಟೆಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ. ಜಿಗಣಿಯ ಕಡೆಗೆ ತಿರುಗಿದರೆ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಪ್ರಶಾಂತಿ ಕುಟೀರವೂ, ಬೆಂಗಳೂರಿನ ದಿಕ್ಕಿಗೆ ಹಿಂದಿರುಗಿದರೆ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಸಿಗುತ್ತವೆ. ಈ ನಾಲ್ಕೂ ಸಂಸ್ಥೆಗಳು ತಮ್ಮದೇ ಹೆಸರಿನಲ್ಲಿ ಪದವಿ ಕೊಡುತ್ತವೆ. ಆದರೆ ಆ ಅಧಿಕಾರ ಅವುಗಳಿಗೆ ಬಂದದ್ದು ಒಂದೇ ದಾರಿಯಿಂದಲ್ಲ.

ಖಾಸಗಿ ವಿಶ್ವವಿದ್ಯಾಲಯವೊಂದರ ಅಧಿಕೃತತೆಯನ್ನು ಕುರಿತು ಮಾತನಾಡುವಾಗ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತುಹೋಗುವುದು ಸಾಮಾನ್ಯ. ಮೊದಲನೆಯದು ಸ್ಥಾಪನೆ, ಅಂದರೆ ಶಾಸನದ ಮೂಲಕ ಸಂಸ್ಥೆಗೆ ಪದವಿ ನೀಡುವ ಹಕ್ಕು ದೊರೆಯುವುದು. ಎರಡನೆಯದು ಮಾನ್ಯತೆ, ಅಂದರೆ ಆ ಸಂಸ್ಥೆಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು, ಜನರ ಬಾಯಲ್ಲಿ ಯುಜಿಸಿ ಎಂದೇ ಬಳಕೆಯಲ್ಲಿರುವ ಕೇಂದ್ರದ ಸಂಸ್ಥೆಯು, ತನ್ನ ಪಟ್ಟಿಗೆ ಸೇರಿಸಿಕೊಳ್ಳುವುದು. ಮೂರನೆಯದು ಮೌಲ್ಯಾಂಕನ, ಅಂದರೆ ಅಲ್ಲಿ ನಡೆಯುವ ಪಾಠ, ಸಂಶೋಧನೆ, ಆಡಳಿತಗಳ ಗುಣಮಟ್ಟವನ್ನು ಹೊರಗಿನ ತಂಡವೊಂದು ಪರೀಕ್ಷಿಸಿ ಶ್ರೇಣಿ ಕೊಡುವುದು. ಪ್ರವೇಶದ ಹಂಗಾಮಿನಲ್ಲಿ ಹೊಸೂರು ರಸ್ತೆಯ ಇಕ್ಕೆಲಗಳಲ್ಲಿ ಎದ್ದು ನಿಲ್ಲುವ ಜಾಹೀರಾತು ಫಲಕಗಳ ಕೊನೆಯ ಸಾಲಿನಲ್ಲಿ ಈ ಮೂರೂ ಒಟ್ಟಿಗೆ, ಒಂದೇ ಅಳತೆಯ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಆದರೆ ಇವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಗತ್ಯಗಳಿಂದ ಹುಟ್ಟಿದವು. ಆ ಬೇರ್ಮೆ ತಿಳಿಯದಿದ್ದಾಗ ನಷ್ಟ ತಟ್ಟುವುದು ಸಂಸ್ಥೆಗಿಂತ ಹೆಚ್ಚಾಗಿ ವಿದ್ಯಾರ್ಥಿಗೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಕಾಲೇಜುಗಳಿಗೆ ಮಾನ್ಯತೆ ಬರುತ್ತಿದ್ದುದು ಗಡಿಯಾಚೆಯಿಂದ. 1857ರಲ್ಲಿ ಸ್ಥಾಪನೆಯಾದ ಮದ್ರಾಸ್ ವಿಶ್ವವಿದ್ಯಾಲಯವು ದಕ್ಷಿಣ ಭಾರತದ ಬಹುಪಾಲು ಕಾಲೇಜುಗಳಿಗೆ ಪರೀಕ್ಷೆ ನಡೆಸಿ ಪದವಿ ಕೊಡುತ್ತಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಅದಕ್ಕೆ ಸಂಯೋಜಿತವಾಗಿದ್ದವು. ಸಂಯೋಜನೆ ಎಂದರೆ ಪಾಠ ಹೇಳುವ ಹೊಣೆ ಕಾಲೇಜಿನದು, ಪಠ್ಯಕ್ರಮ, ಪರೀಕ್ಷೆ ಮತ್ತು ಪದವಿಯ ಮೇಲಿನ ಅಧಿಕಾರ ಮಾತೃ ವಿಶ್ವವಿದ್ಯಾಲಯದ್ದು ಎಂಬ ಏರ್ಪಾಡು. ಸರ್ ಎಂ. ವಿಶ್ವೇಶ್ವರಯ್ಯನವರು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದಾಗ ಅವರ ಕೈಗೆ ಬಂದದ್ದು ಮದ್ರಾಸಿನ ಪದವಿ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಹೊಸೂರಿನಲ್ಲಿ ಶಾಲೆ ಓದಿ, ಅದೇ ಸೆಂಟ್ರಲ್ ಕಾಲೇಜಿಗೆ ಬಂದು 1894ರಲ್ಲಿ ಪದವಿ ಪಡೆದ ಸಿ. ರಾಜಗೋಪಾಲಾಚಾರಿ ಅವರದ್ದೂ ಅದೇ. ಬ್ರಿಟಿಷ್ ಆಡಳಿತದ ಸೇಲಂ ಜಿಲ್ಲೆಯಿಂದ ಮೈಸೂರು ಸಂಸ್ಥಾನಕ್ಕೆ ಓದಲು ಬಂದ ಹುಡುಗನಿಗೆ ಕಾಲೇಜು ಈ ಕಡೆಯದಾದರೂ ಪದವಿ ಆ ಕಡೆಯದೇ ಆಗಿತ್ತು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಈ ಪರಾಧೀನತೆಯನ್ನು ಕೊನೆಗೊಳಿಸಿತು. ಬ್ರಿಟಿಷರ ನೇರ ಆಡಳಿತದ ಹೊರಗೆ ಹುಟ್ಟಿದ ಮೊದಲ ಭಾರತೀಯ ವಿಶ್ವವಿದ್ಯಾಲಯ ಅದು. ಸಂಸ್ಥಾನವೊಂದು ತನ್ನದೇ ಶಾಸನದಿಂದ ಪದವಿ ಕೊಡುವ ಅಧಿಕಾರವನ್ನು ಸೃಷ್ಟಿಸಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. ಆದರೆ ಶಾಸನ ಪದವಿಯನ್ನು ಹುಟ್ಟಿಸಬಹುದೇ ಹೊರತು ಆ ಪದವಿಗೆ ಇತರೆಡೆ ಬೆಲೆ ಬರುವಂತೆ ಮಾಡಲಾರದು. ಒಂದು ವಿಶ್ವವಿದ್ಯಾಲಯದ ಪದವಿಯನ್ನು ಇನ್ನೊಂದು ಒಪ್ಪಿಕೊಳ್ಳುವ ವ್ಯವಹಾರವನ್ನು ಸುಗಮಗೊಳಿಸಲು 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ರೂಪುಗೊಂಡಿತು; ಇಂದಿನ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಅದರ ಮುಂದುವರಿಕೆ. ಸ್ಥಾಪನೆಯೇ ಬೇರೆ, ಒಪ್ಪಿಗೆಯೇ ಬೇರೆ ಎಂಬ ತಿಳಿವಳಿಕೆ ಆ ಕಾಲಕ್ಕಾಗಲೇ ಇತ್ತೆಂದು ಇದರಿಂದ ಗೊತ್ತಾಗುತ್ತದೆ.

ಖಾಸಗಿ ಬಂಡವಾಳವೂ ಖಾಸಗಿ ದಾನವೂ ಉನ್ನತ ಶಿಕ್ಷಣಕ್ಕೆ ಹರಿದದ್ದು ಈ ಸಂಯೋಜನೆಯ ಚೌಕಟ್ಟಿನೊಳಗೇ. ಬಿ.ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಬಸವನಗುಡಿಯಲ್ಲಿ ಸ್ಥಾಪಿಸಿದ ಎಂಜಿನಿಯರಿಂಗ್ ಕಾಲೇಜು, ಮರುವರ್ಷ ಹುಬ್ಬಳ್ಳಿಯಲ್ಲಿ ಆರಂಭವಾದ ಬಿ.ವಿ.ಬಿ. ಕಾಲೇಜು, ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ತೆರೆದ ಕಸ್ತೂರಬಾ ವೈದ್ಯಕೀಯ ಕಾಲೇಜು, ಇವೆಲ್ಲ ಖಾಸಗಿಯವೇ. ಆದರೆ ಪದವಿ ಕೊಡುವ ಅಧಿಕಾರ ಯಾವುದಕ್ಕೂ ಇರಲಿಲ್ಲ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಆನೇಕಲ್ ಕಡೆಯ ಕಾಲೇಜುಗಳ ಅಂಕಪಟ್ಟಿಗಳ ಮೇಲೆ ಅದರ ಮುದ್ರೆ ಬಂತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಎಂಜಿನಿಯರಿಂಗ್ ಕಾಲೇಜುಗಳ ಸಂಯೋಜನೆ ಬೆಳಗಾವಿಗೆ ಹೋಯಿತು. ಕಾಲೇಜು ಕಟ್ಟುವವರು ಖಾಸಗಿಯವರು, ಪದವಿ ಕೊಡುವುದು ಸರ್ಕಾರಿ ವಿಶ್ವವಿದ್ಯಾಲಯ ಎಂಬ ಈ ಹಂಚಿಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕರ್ನಾಟಕದ ಉನ್ನತ ಶಿಕ್ಷಣದ ನಡೆಯನ್ನು ನಿರ್ಧರಿಸಿತು.

ಸ್ವಾತಂತ್ರ್ಯಾನಂತರ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗವು 1949ರಲ್ಲಿ ಕೊಟ್ಟ ವರದಿಯ ಹಿನ್ನೆಲೆಯಲ್ಲಿ 1953ರಲ್ಲಿ ಯುಜಿಸಿ ಕಾರ್ಯಾರಂಭ ಮಾಡಿತು. 1956ರ ಕಾಯ್ದೆ ಅದಕ್ಕೆ ಶಾಸನಬದ್ಧ ಸ್ಥಾನ ಕೊಟ್ಟಿತು. ಇಂದಿಗೂ ಪ್ರತಿಯೊಂದು ಪ್ರವೇಶ ಕೈಪಿಡಿಯಲ್ಲಿ ಉಲ್ಲೇಖವಾಗುವ ಕಲಂಗಳು ಈ ಕಾಯ್ದೆಯವು. ಕಲಂ 2(ಎಫ್) ಪ್ರಕಾರ ವಿಶ್ವವಿದ್ಯಾಲಯವೆಂದರೆ ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪಿತವಾದ ಸಂಸ್ಥೆ. ಕಲಂ 3ರ ಪ್ರಕಾರ, ಹಾಗೆ ಸ್ಥಾಪಿತವಾಗದಿದ್ದರೂ ಉನ್ನತ ಮಟ್ಟದ ಕೆಲಸ ಮಾಡುತ್ತಿರುವ ಸಂಸ್ಥೆಯನ್ನು ಯುಜಿಸಿಯ ಸಲಹೆಯ ಮೇರೆಗೆ ಕೇಂದ್ರ ಸರ್ಕಾರವು ವಿಶ್ವವಿದ್ಯಾಲಯವೆಂದು ಪರಿಗಣಿಸಬಹುದು. ಜನ ಡೀಮ್ಡ್ ಎಂದು ಕರೆಯುವುದು ಇದನ್ನೇ. ಕಲಂ 22 ಪದವಿ ನೀಡುವ ಹಕ್ಕನ್ನು ಈ ಎರಡು ಬಗೆಯ ಸಂಸ್ಥೆಗಳಿಗೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಸೀಮಿತಗೊಳಿಸಿದರೆ, ಕಲಂ 23 ಬೇರೆ ಯಾರೂ ತಮ್ಮ ಹೆಸರಿನಲ್ಲಿ ವಿಶ್ವವಿದ್ಯಾಲಯ ಎಂಬ ಪದ ಬಳಸದಂತೆ ತಡೆಯುತ್ತದೆ. 1972ರ ತಿದ್ದುಪಡಿಯಿಂದ ಬಂದ, ಇಂದು 12(ಬಿ) ಎಂದು ಗುರುತಿಸುವ ಕಲಂ ಕೇಂದ್ರದ ಅನುದಾನಕ್ಕೆ ಅರ್ಹತೆಯನ್ನು ನಿರ್ಧರಿಸುತ್ತದೆ. 2(ಎಫ್) ಪಟ್ಟಿಯಲ್ಲಿರುವ ಸಂಸ್ಥೆಗೆ 12(ಬಿ) ಅರ್ಹತೆ ತಾನಾಗಿ ಬರುವುದಿಲ್ಲ. ಈ ಕಾಯ್ದೆಯನ್ನು ಉಲ್ಲಂಘಿಸಿದವರಿಗೆ ಕಲಂ 24 ವಿಧಿಸುವ ದಂಡದ ಗರಿಷ್ಠ ಮೊತ್ತ ಒಂದು ಸಾವಿರ ರೂಪಾಯಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ವರ್ಷ ವರ್ಷವೂ ಪ್ರಕಟಿಸುತ್ತ ಬಂದರೂ, ಬೆಳಗಾವಿ ಜಿಲ್ಲೆಯ ಗೋಕಾಕದ ಒಂದು ಸಂಸ್ಥೆಯ ಹೆಸರು ಆ ಪಟ್ಟಿಯಲ್ಲಿ ಬಹುಕಾಲ ಹಾಗೆಯೇ ಉಳಿದುಕೊಂಡದ್ದಕ್ಕೆ ಈ ದುರ್ಬಲ ದಂಡನೆಯೂ ಒಂದು ಕಾರಣವೆಂದು ಭಾವಿಸಬೇಕಾಗುತ್ತದೆ.

ಕಲಂ 3ರ ಪ್ರಯೋಜನ ಪಡೆದ ಮೊದಲಿಗರಲ್ಲಿ ಬೆಂಗಳೂರಿನದೇ ಆದ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದೆ. 1909ರಲ್ಲಿ ಸ್ಥಾಪನೆಯಾಗಿ ಅರ್ಧ ಶತಮಾನದ ಸಂಶೋಧನೆಯ ಹೆಸರು ಗಳಿಸಿದ್ದ ಅದಕ್ಕೆ ಈ ಸ್ಥಾನ ಬಂದದ್ದು 1958ರಲ್ಲಿ. ಮೊದಲು ಕೆಲಸ, ಆಮೇಲೆ ಸ್ಥಾನ ಎಂಬುದು ಆ ಕಲಮಿನ ಮೂಲ ಆಶಯವಾಗಿತ್ತು. ಚಂದಾಪುರದ ಸುತ್ತ ಈ ದಾರಿಯಲ್ಲಿ ನಡೆದ ಸಂಸ್ಥೆಗಳೆರಡು. ಜಿಗಣಿಯ ಬಳಿಯ ಯೋಗ ಅನುಸಂಧಾನ ಸಂಸ್ಥಾನವು ಯೋಗ ಚಿಕಿತ್ಸೆಯ ಸಂಶೋಧನೆಯನ್ನು ಆಧರಿಸಿ 2002ರಲ್ಲಿ ಡೀಮ್ಡ್ ಸ್ಥಾನ ಪಡೆಯಿತು. ರಾಜ್ಯ ಸರ್ಕಾರ ಮತ್ತು ಮಾಹಿತಿ ತಂತ್ರಜ್ಞಾನ ಉದ್ಯಮ ಕೂಡಿ 1999ರಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್ ತಂತ್ರಜ್ಞಾನ ಪಾರ್ಕಿನಲ್ಲಿ ಆರಂಭಿಸಿ, ಬಳಿಕ ಎಲೆಕ್ಟ್ರಾನಿಕ್ಸ್ ಸಿಟಿಗೆ ತಂದ ಮಾಹಿತಿ ತಂತ್ರಜ್ಞಾನ ಸಂಸ್ಥೆಗೆ ಆ ಸ್ಥಾನ ಬಂದದ್ದು 2005ರಲ್ಲಿ. ಅಲ್ಲಿಯವರೆಗೆ ಇಂಥ ಸಂಸ್ಥೆಗಳು, ಅವುಗಳ ಪಾಠ ಎಷ್ಟೇ ಉತ್ತಮವಾಗಿದ್ದರೂ, ಸ್ವಂತ ಹೆಸರಿನಲ್ಲಿ ಡಿಪ್ಲೊಮಾ ಕೊಡಬಹುದಿತ್ತೇ ಹೊರತು ಪದವಿ ಕೊಡುವಂತಿರಲಿಲ್ಲ. ವ್ಯವಹಾರ ನಿರ್ವಹಣೆಯನ್ನು ಕಲಿಸುವ ಸ್ವತಂತ್ರ ಸಂಸ್ಥೆಗಳು ಎಂ.ಬಿ.ಎ. ಎನ್ನುವ ಬದಲು ಪಿ.ಜಿ.ಡಿ.ಎಂ. ಎಂಬ ಸ್ನಾತಕೋತ್ತರ ಡಿಪ್ಲೊಮಾವನ್ನು ಕೊಡುತ್ತ ಬಂದದ್ದರ ಹಿಂದೆಯೂ ಇದೇ ಕಟ್ಟಳೆ ಇದೆ.

ಇನ್ನೊಂದು ದಾರಿ, ಅಂದರೆ ರಾಜ್ಯ ಶಾಸನಸಭೆಯ ಕಾಯ್ದೆಯ ಮೂಲಕ ಖಾಸಗಿ ವಿಶ್ವವಿದ್ಯಾಲಯವನ್ನು ಸ್ಥಾಪಿಸುವ ದಾರಿ, ಬಹುಕಾಲ ಯಾರೂ ತುಳಿಯದೇ ಉಳಿದಿತ್ತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿಶ್ವವಿದ್ಯಾಲಯಗಳ ಸ್ಥಾಪನೆ ರಾಜ್ಯಪಟ್ಟಿಯ 32ನೆಯ ನಮೂದಿಗೆ ಸೇರಿದರೆ, ಉನ್ನತ ಶಿಕ್ಷಣದ ಗುಣಮಟ್ಟವನ್ನು ನಿರ್ಧರಿಸಿ ಸಮನ್ವಯಗೊಳಿಸುವ ಹೊಣೆ ಕೇಂದ್ರಪಟ್ಟಿಯ 66ನೆಯ ನಮೂದಿಗೆ ಸೇರಿದೆ. ಹುಟ್ಟಿಸುವ ಅಧಿಕಾರ ಒಬ್ಬರ ಬಳಿ, ಮಟ್ಟ ಕಾಯುವ ಅಧಿಕಾರ ಇನ್ನೊಬ್ಬರ ಬಳಿ ಇರುವ ಈ ವ್ಯವಸ್ಥೆಯಲ್ಲಿಯೇ ಮುಂದಿನ ಬಹುತೇಕ ತಕರಾರುಗಳ ಬೇರಿದೆ. 1995ರಲ್ಲಿ ಕೇಂದ್ರವು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ವಿಶ್ವವಿದ್ಯಾಲಯಗಳ ಮಸೂದೆ ಕಾಯ್ದೆಯಾಗಲಿಲ್ಲ. 1993ರಲ್ಲಿ ಡೀಮ್ಡ್ ಸ್ಥಾನ ಪಡೆದಿದ್ದ ಮಣಿಪಾಲದ ಸಂಸ್ಥೆಯವರು ಮಾತ್ರ ಅದೇ 1995ರಲ್ಲಿ ಸಿಕ್ಕಿಂ ಸರ್ಕಾರದೊಡನೆ ಸೇರಿ, ಅಲ್ಲಿನ ವಿಧಾನಸಭೆಯ ಕಾಯ್ದೆಯ ಬಲದಿಂದ ಸಿಕ್ಕಿಂ ಮಣಿಪಾಲ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಕರಾವಳಿ ಕರ್ನಾಟಕದ ಶಿಕ್ಷಣೋದ್ಯಮ ಹಿಮಾಲಯದ ಮಡಿಲಿನಲ್ಲಿ ಹೊಸ ಮಾದರಿಯೊಂದನ್ನು ಪರೀಕ್ಷಿಸಿದಾಗ ಕರ್ನಾಟಕದಲ್ಲಿ ಅಂಥ ಕಾಯ್ದೆ ಬರಲು ಇನ್ನೂ ಹದಿನೈದು ವರ್ಷ ಬಾಕಿ ಇತ್ತು.

ಈ ನಡುವೆ ಎರಡು ತೀರ್ಪುಗಳು ಹಾದಿಯನ್ನು ತಿದ್ದಿದವು. ಪ್ರವೇಶಕ್ಕಾಗಿ ವಸೂಲಿ ಮಾಡುವ ಕ್ಯಾಪಿಟೇಶನ್ ಶುಲ್ಕದ ವಿರುದ್ಧ 1984ರಲ್ಲಿಯೇ ಕಾಯ್ದೆ ಮಾಡಿದ್ದ ಕರ್ನಾಟಕದಿಂದಲೇ ಹೊರಟ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ, 2002ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು, ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ನಡೆಸುವುದು ನಾಗರಿಕರ ಹಕ್ಕು ಎಂದು ಎತ್ತಿಹಿಡಿದು, ಲಾಭಕೋರತನಕ್ಕೆ ಅವಕಾಶವಿಲ್ಲವೆಂದೂ ಹೇಳಿತು. ಅದೇ ವರ್ಷ ಛತ್ತೀಸ್‌ಗಢ ರಾಜ್ಯವು, ಪ್ರತಿ ವಿಶ್ವವಿದ್ಯಾಲಯಕ್ಕೂ ಪ್ರತ್ಯೇಕ ಕಾಯ್ದೆ ಮಾಡುವ ಬದಲು, ಒಂದೇ ಕಾಯ್ದೆಯ ಅಡಿಯಲ್ಲಿ ಬರಿಯ ಅಧಿಸೂಚನೆಯಿಂದ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸುವ ಏರ್ಪಾಡು ಮಾಡಿತು. ಪರಿಣಾಮವಾಗಿ ಅಲ್ಪಕಾಲದಲ್ಲಿ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು ಕಾಗದದ ಮೇಲೆ ಹುಟ್ಟಿಕೊಂಡವು. ಅವುಗಳಲ್ಲಿ ಹಲವಕ್ಕೆ ತರಗತಿ ಕೋಣೆಗಳಾಗಲಿ ಗ್ರಂಥಾಲಯವಾಗಲಿ ಇರಲಿಲ್ಲ. ಯುಜಿಸಿಯ ಮಾಜಿ ಅಧ್ಯಕ್ಷರೂ ವಿಜ್ಞಾನಿಯೂ ಆಗಿದ್ದ ಪ್ರೊ. ಯಶ್ ಪಾಲ್ ಅವರು ಹೂಡಿದ ಮೊಕದ್ದಮೆಯಲ್ಲಿ 2005ರ ಫೆಬ್ರುವರಿ 11ರಂದು ಸರ್ವೋಚ್ಚ ನ್ಯಾಯಾಲಯವು ಆ ಕಾಯ್ದೆಯ ಮುಖ್ಯ ಕಲಂಗಳನ್ನು ರದ್ದುಪಡಿಸಿತು. ಆ ವಿಶ್ವವಿದ್ಯಾಲಯಗಳು ಇಲ್ಲವಾದವು. ಅಲ್ಲಿ ಸೇರಿದ್ದ ವಿದ್ಯಾರ್ಥಿಗಳ ಹಿತಕ್ಕಾಗಿ ಸಂಸ್ಥೆಗಳನ್ನು ಅಸ್ತಿತ್ವದಲ್ಲಿದ್ದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಂಯೋಜಿಸುವ ಕ್ರಮ ಕೈಗೊಳ್ಳಬೇಕಾಯಿತು. ಸ್ಥಾಪಿಸುವ ಅಧಿಕಾರ ರಾಜ್ಯದ್ದಾದರೂ ಕೇಂದ್ರ ಕಾಯುವ ಗುಣಮಟ್ಟವನ್ನು ಅದು ಕಡೆಗಣಿಸುವಂತಿಲ್ಲ ಎಂಬುದು ಈ ತೀರ್ಪಿನ ತಿರುಳು.

ಯುಜಿಸಿಯು 2003ರಲ್ಲಿ ಹೊರಡಿಸಿದ ಖಾಸಗಿ ವಿಶ್ವವಿದ್ಯಾಲಯ ನಿಯಮಾವಳಿಯು ಇದಕ್ಕೆ ಮುಂಚೆಯೇ ಮೂರು ಷರತ್ತುಗಳನ್ನು ಒಡ್ಡಿತ್ತು. ಪ್ರತಿ ಖಾಸಗಿ ವಿಶ್ವವಿದ್ಯಾಲಯವೂ ಪ್ರತ್ಯೇಕ ರಾಜ್ಯ ಕಾಯ್ದೆಯಿಂದಲೇ ಹುಟ್ಟಬೇಕು. ಅದು ಏಕಘಟಕವಾಗಿರಬೇಕು, ಎಂದರೆ ಬೇರೆ ಕಾಲೇಜುಗಳನ್ನು ತನಗೆ ಸಂಯೋಜಿಸಿಕೊಳ್ಳುವಂತಿಲ್ಲ. ಮತ್ತು ಸಾಮಾನ್ಯವಾಗಿ ತನ್ನ ರಾಜ್ಯದ ಗಡಿಯೊಳಗೇ ಕೆಲಸ ಮಾಡಬೇಕು. ಕರ್ನಾಟಕ ಹಿಡಿದದ್ದು ಈ ದಾರಿಯನ್ನು. 2010ರಲ್ಲಿ ರಾಜ್ಯ ವಿಧಾನಮಂಡಲವು ಅಲಯನ್ಸ್ ವಿಶ್ವವಿದ್ಯಾಲಯ ಕಾಯ್ದೆಯನ್ನೂ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕಾಯ್ದೆಯನ್ನೂ ಅಂಗೀಕರಿಸಿತು; ಮೊದಲನೆಯದು ಆ ವರ್ಷದ 34ನೆಯ ಕರ್ನಾಟಕ ಕಾಯ್ದೆ. ರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳ ಇತಿಹಾಸದ ಮೊದಲ ಹೆಜ್ಜೆಗಳು ಹೀಗೆ ಚಂದಾಪುರದ ಆಸುಪಾಸಿನಲ್ಲಿಯೇ ಮೂಡಿದವು.

ಅವು ಈ ಸೀಮೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ಸಂಸ್ಥೆಯು, ಅದರ ಅಧ್ಯಕ್ಷರಾಗಿದ್ದ ಆರ್.ಕೆ. ಬಾಳಿಗಾ ಅವರ ಕನಸಿನ ಫಲವಾಗಿ, 1978ರಲ್ಲಿ ಕೋಣಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಹಾಕಿದ ಮೇಲೆ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶಗಳು ಸೇರಿ ಒಂದು ದೊಡ್ಡ ಉದ್ಯೋಗ ವಲಯವೇ ನಿರ್ಮಾಣವಾಗಿತ್ತು. 2010ರ ಜನವರಿಯಲ್ಲಿ ರೇಷ್ಮೆ ಮಂಡಳಿ ಕಡೆಯಿಂದ ಎಲೆಕ್ಟ್ರಾನಿಕ್ಸ್ ಸಿಟಿಯವರೆಗಿನ ಮೇಲ್ಸೇತುವೆ ರಸ್ತೆ ತೆರೆದುಕೊಂಡಾಗ ನಗರದಿಂದ ಈ ಭಾಗಕ್ಕೆ ಬರುವ ಹೊತ್ತು ಇಳಿಯಿತು. ನಗರದೊಳಗೆ ಸಿಗದಷ್ಟು ವಿಸ್ತಾರದ ಜಮೀನು, ಸನಿಹದಲ್ಲಿಯೇ ಉದ್ಯೋಗ ಕೊಡುವ ಕಂಪನಿಗಳು, ಹೆದ್ದಾರಿಯ ಅನುಕೂಲ, ಈ ಮೂರೂ ಕೂಡಿದ ಕಡೆ ವಸತಿ ಸಹಿತ ವಿಶ್ವವಿದ್ಯಾಲಯವನ್ನು ಕಟ್ಟುವುದು ಸಾಧ್ಯವಾಗುತ್ತಿತ್ತು.

ಆರಂಭದ ವರ್ಷಗಳ ಒಂದು ಆವರಣವನ್ನು ಹತ್ತಿರದಿಂದ ನೋಡಿದರೆ ಈ ಇತಿಹಾಸದ ಪದರಗಳು ಸ್ಪಷ್ಟವಾಗುತ್ತವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2011ರಲ್ಲಿ ತರಗತಿಗಳನ್ನು ಆರಂಭಿಸಿದ್ದು ಬುರುಗುಂಟೆಯಲ್ಲಲ್ಲ, ಹೊಸೂರು ರಸ್ತೆಯ ಪಕ್ಕದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ತಾಗಿದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ. ಒಂದೇ ಗೇಟಿನ ಒಳಗೆ ಒಂದು ಕಟ್ಟಡದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವರ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಪದವಿ ಎಲ್ಲವೂ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದಿಂದ ಬರುತ್ತಿದ್ದವು; ಪಕ್ಕದ ಕಟ್ಟಡದಲ್ಲಿ ಶಿಕ್ಷಣ ಮತ್ತು ಅಭಿವೃದ್ಧಿ ವಿಷಯಗಳಲ್ಲಿ ಎಂ.ಎ. ಓದುತ್ತಿದ್ದವರ ಪಠ್ಯವನ್ನು ಅವರಿಗೆ ಪಾಠ ಮಾಡುವವರೇ ರೂಪಿಸುತ್ತಿದ್ದರು ಮತ್ತು ಪದವಿಯೂ ಅಲ್ಲಿಂದಲೇ ದೊರೆಯುತ್ತಿತ್ತು. ಪಿಇಎಸ್ ಸಂಸ್ಥೆಗೂ ಮುಂದೆ ಸ್ವಂತ ವಿಶ್ವವಿದ್ಯಾಲಯದ ಕಾಯ್ದೆ ಬಂದು, ಈ ಆವರಣವೂ ಕ್ರಮೇಣ ಅದರ ಭಾಗವಾಯಿತು. ಪಾಠ ಹೇಳುವವನೇ ಪಠ್ಯವನ್ನು ರೂಪಿಸುವ ಸ್ವಾತಂತ್ರ್ಯವೇ ಖಾಸಗಿ ವಿಶ್ವವಿದ್ಯಾಲಯದ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು. ಅದನ್ನು ಬಳಸಿಕೊಂಡ ಸಂಸ್ಥೆಗಳು ತಮ್ಮ ಕಾಯ್ದೆಯನ್ನು ಸಾರ್ಥಕಗೊಳಿಸಿದವು.

ಈ ಕಾಯ್ದೆಗಳ ರಚನೆ ಹೆಚ್ಚು ಕಡಿಮೆ ಒಂದೇ ಬಗೆಯದು. ಟ್ರಸ್ಟ್ ಅಥವಾ ಸೊಸೈಟಿಯಂಥ ಪ್ರಾಯೋಜಕ ಸಂಸ್ಥೆಯೊಂದು ಜಮೀನು, ಕಟ್ಟಡ ಮತ್ತು ಶಾಶ್ವತ ದತ್ತಿನಿಧಿಯನ್ನು ಒದಗಿಸಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕುಲಾಧಿಪತಿಯಾಗಿರುವ ರಾಜ್ಯಪಾಲರು ಇಲ್ಲಿ ಸಂದರ್ಶಕರ ಸ್ಥಾನದಲ್ಲಿರುತ್ತಾರೆ. ಕುಲಾಧಿಪತಿ ಪ್ರಾಯೋಜಕ ಸಂಸ್ಥೆಯ ಕಡೆಯವರು. ಎಂಜಿನಿಯರಿಂಗ್‌ನಂಥ ಕೋರ್ಸುಗಳಲ್ಲಿ ಶೇ. 40ರಷ್ಟು ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸರ್ಕಾರಿ ಕೋಟಾದಲ್ಲಿ ಹಂಚಿಕೆಯಾಗುತ್ತವೆ. 2012–13ರಲ್ಲಿ ರೇವಾ, ಪಿಇಎಸ್, ಎಂ.ಎಸ್. ರಾಮಯ್ಯ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯ, ದಯಾನಂದ ಸಾಗರ್, ಕಲಬುರಗಿಯ ಶರಣಬಸವ, ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ ಮೊದಲಾದವುಗಳ ಮಸೂದೆಗಳು ಸಾಲಾಗಿ ಕಾಯ್ದೆಗಳಾದವು. 1947ರಿಂದ ಅನ್ಯರ ಪದವಿಗೆ ಪಾಠ ಹೇಳಿದ್ದ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು ಹೀಗೆ ತಾನೇ ವಿಶ್ವವಿದ್ಯಾಲಯದ ತಿರುಳಾಯಿತು. ಪ್ರತ್ಯೇಕ ಕಾಯ್ದೆ ಎಂಬ ಷರತ್ತಿನ ಹಿಂದಿದ್ದ ಉದ್ದೇಶ, ಪ್ರತಿ ಸಂಸ್ಥೆಯ ಯೋಗ್ಯತೆಯನ್ನು ಜನಪ್ರತಿನಿಧಿಗಳು ಬೇರೆಬೇರೆಯಾಗಿ ತೂಗಿ ನೋಡಲಿ ಎಂಬುದು. ಒಂದೇ ಹಂಗಾಮಿನಲ್ಲಿ, ಪರಸ್ಪರ ಹೋಲುವ ವಾಕ್ಯಗಳಲ್ಲಿ ಬಂದ ಇಷ್ಟೊಂದು ಕಾಯ್ದೆಗಳನ್ನು ಓದಿದಾಗ, ಆ ತೂಗುವಿಕೆಗೆ ಸದನದಲ್ಲಿ ಇನ್ನಷ್ಟು ಕಾಲ ದೊರೆಯಬೇಕಿತ್ತು ಎನ್ನಿಸದೆ ಇರದು.

ಡೀಮ್ಡ್ ದಾರಿಯಲ್ಲಿಯೂ ಈ ಅವಧಿಯಲ್ಲಿ ಏರುಪೇರುಗಳಾದವು. 2009ರಲ್ಲಿ ಪಿ.ಎನ್. ಟಂಡನ್ ಸಮಿತಿಯು ದೇಶದ 44 ಡೀಮ್ಡ್ ಸಂಸ್ಥೆಗಳು ಆ ಸ್ಥಾನಕ್ಕೆ ಯೋಗ್ಯವಲ್ಲವೆಂದು ವರದಿ ಮಾಡಿತು. 2017ರ ನವೆಂಬರ್ 3ರಂದು ದೂರಶಿಕ್ಷಣಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಂ 23ನ್ನು ಕಟ್ಟುನಿಟ್ಟಾಗಿ ಜಾರಿ ಮಾಡುವಂತೆ ಹೇಳಿದ ಒಂದು ವಾರದೊಳಗೆ ಯುಜಿಸಿಯು 123 ಸಂಸ್ಥೆಗಳಿಗೆ ಹೆಸರಿನಿಂದ ವಿಶ್ವವಿದ್ಯಾಲಯ ಎಂಬ ಪದವನ್ನು ತೆಗೆಯುವಂತೆ ಸೂಚಿಸಿತು. ಬೇಕಿದ್ದರೆ ಹೆಸರಿನ ಮುಂದೆ ಆವರಣ ಚಿಹ್ನೆಯೊಳಗೆ ಡೀಮ್ಡ್ ಎಂಬುದನ್ನು ಸೂಚಿಸಬಹುದಿತ್ತು. ಹೊಸೂರು ರಸ್ತೆಯ ನಗರದ ತುದಿಯಲ್ಲಿ, ಡೇರಿ ವೃತ್ತದ ಬಳಿ, 2008ರಲ್ಲಿ ಡೀಮ್ಡ್ ಸ್ಥಾನ ಪಡೆದ ಕ್ರೈಸ್ಟ್ ಸಂಸ್ಥೆಯ ಹೆಸರು ಇಂದು ಕಾಣುವುದು ಆ ಆವರಣ ಚಿಹ್ನೆಯೊಂದಿಗೆ. ಅದೇ ರಸ್ತೆಯಲ್ಲಿ ಚಂದಾಪುರದವರೆಗೆ ಬಂದು ಆನೇಕಲ್ ಕಡೆಗೆ ತಿರುಗಿದರೆ, ರಾಜ್ಯ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಅಂಥ ಚಿಹ್ನೆಯ ಅಗತ್ಯವಿಲ್ಲ. ಈ ವ್ಯತ್ಯಾಸ ಪಾಠದ ಗುಣಮಟ್ಟವನ್ನು ಕುರಿತು ಏನನ್ನೂ ಹೇಳುವುದಿಲ್ಲ. ಅಧಿಕಾರ ಯಾವ ಕಲಮಿನಿಂದ ಬಂತು ಎಂಬುದನ್ನಷ್ಟೇ ಹೇಳುತ್ತದೆ.

ಗುಣಮಟ್ಟದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಹುಟ್ಟಿದ ಸಂಸ್ಥೆಯ ಪ್ರಧಾನ ಕಚೇರಿಯೂ ಬೆಂಗಳೂರಿನಲ್ಲಿಯೇ, ನಾಗರಬಾವಿಯಲ್ಲಿ ಇದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ 1994ರಲ್ಲಿ ಯುಜಿಸಿ ಸ್ಥಾಪಿಸಿದ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, ಮೊದಲಿಗೆ ಸ್ವಯಂಪ್ರೇರಿತವಾಗಿ ಮುಂದೆ ಬಂದ ಸಂಸ್ಥೆಗಳನ್ನಷ್ಟೇ ಪರಿಶೀಲಿಸುತ್ತಿತ್ತು. ಅದು ಮೊದಲು ನಕ್ಷತ್ರಗಳನ್ನು ಕೊಟ್ಟಿತು, 2002ರಿಂದ ಅಕ್ಷರ ಶ್ರೇಣಿಗಳನ್ನು, 2007ರಿಂದ ನಾಲ್ಕು ಅಂಕಗಳ ಸರಾಸರಿಯನ್ನು. 2016ರಲ್ಲಿ ಎ++ ಶ್ರೇಣಿಯಿಂದ ಸಿ ಶ್ರೇಣಿಯವರೆಗಿನ ಏಳು ಮೆಟ್ಟಿಲುಗಳ ಕ್ರಮ ಬಂದಿತು. ಸಂಸ್ಥೆಯು ಪಠ್ಯಕ್ರಮ, ಬೋಧನೆ ಮತ್ತು ಪರೀಕ್ಷೆ, ಸಂಶೋಧನೆ, ಮೂಲಸೌಕರ್ಯ, ವಿದ್ಯಾರ್ಥಿಗಳಿಗೆ ಬೆಂಬಲ, ಆಡಳಿತ, ಮೌಲ್ಯಗಳು ಎಂಬ ಏಳು ಮಾನದಂಡಗಳ ಅಡಿಯಲ್ಲಿ ಸ್ವಯಂ ಅಧ್ಯಯನ ವರದಿಯನ್ನು ಸಿದ್ಧಪಡಿಸಿ ಸಲ್ಲಿಸುತ್ತದೆ. ಅದರಲ್ಲಿರುವ ಅಂಕಿಸಂಖ್ಯೆಗಳನ್ನು ಮೂರನೆಯವರೊಬ್ಬರು ದಾಖಲೆಗಳೊಡನೆ ತಾಳೆ ನೋಡಿದ ಮೇಲೆ, ಬೇರೆ ರಾಜ್ಯಗಳ ಪ್ರಾಧ್ಯಾಪಕರ ತಂಡ ಆವರಣಕ್ಕೆ ಬಂದು ಪ್ರಯೋಗಾಲಯ, ಗ್ರಂಥಾಲಯ, ವಿದ್ಯಾರ್ಥಿನಿಲಯಗಳನ್ನು ನೋಡುತ್ತದೆ, ವಿದ್ಯಾರ್ಥಿಗಳನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಪ್ರತ್ಯೇಕವಾಗಿ ಮಾತನಾಡಿಸುತ್ತದೆ. ತಂಡ ಬರುವ ತಿಂಗಳುಗಳಲ್ಲಿ ಅಧ್ಯಾಪಕರ ಹೊತ್ತು ಬಹುಪಾಲು ಕಡತ ಜೋಡಿಸುವುದರಲ್ಲಿಯೇ ಕಳೆಯುವುದು ಎಲ್ಲ ಕಾಲೇಜುಗಳಿಗೂ ಪರಿಚಿತವಾದ ಸಂಗತಿ. ಪಾಠದ ಗುಣಮಟ್ಟವನ್ನು ಅಳೆಯಲು ಹುಟ್ಟಿದ ಕ್ರಮವೊಂದು ಪಾಠದ ಹೊತ್ತನ್ನೇ ಕಸಿದುಕೊಳ್ಳುವುದು ಗಂಭೀರವಾದ ದೋಷವೇ ಸರಿ.

ಯುಜಿಸಿಯ 2012ರ ನಿಯಮಾವಳಿ ಮೌಲ್ಯಾಂಕನವನ್ನು ಕಡ್ಡಾಯಗೊಳಿಸಿದ ಮೇಲೆ ನ್ಯಾಕ್ ಶ್ರೇಣಿ ಆತ್ಮಪರಿಶೀಲನೆಯ ಸಾಧನವಾಗಿ ಉಳಿಯುವುದರ ಜೊತೆಗೆ ಮಾರುಕಟ್ಟೆಯ ಬೆಲೆಯನ್ನೂ ಪಡೆಯಿತು. ಎಲ್ಲಿ ಬೆಲೆ ಕೂಡುತ್ತದೆಯೋ ಅಲ್ಲಿ ಒತ್ತಡವೂ ಕೂಡುತ್ತದೆ. 2023ರ ಮಾರ್ಚ್‌ನಲ್ಲಿ ನ್ಯಾಕ್‌ನ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿದ್ದ ಭೂಷಣ್ ಪಟವರ್ಧನ್ ಅವರು ಪ್ರಕ್ರಿಯೆಯ ಲೋಪಗಳನ್ನು ಎತ್ತಿ ಹೇಳಿ ಹುದ್ದೆ ತೊರೆದರು. 2025ರ ಫೆಬ್ರುವರಿಯಲ್ಲಿ ಆಂಧ್ರಪ್ರದೇಶದ ಖಾಸಗಿ ಸಂಸ್ಥೆಯೊಂದಕ್ಕೆ ಉತ್ತಮ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ತಂಡದ ಸದಸ್ಯರೂ ಸೇರಿದಂತೆ ಹಲವರನ್ನು ಸಿಬಿಐ ಬಂಧಿಸಿತು. ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿಯ ಶಿಫಾರಸಿನಂತೆ, ಅಕ್ಷರ ಶ್ರೇಣಿಗಳ ಬದಲು ನ್ಯಾಕ್ ಮಾನ್ಯತೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ, ಅದರ ಮೇಲೆ ಐದು ಹಂತಗಳ ಪ್ರಗತಿಯನ್ನು ಗುರುತಿಸುವ ಹೊಸ ಕ್ರಮವನ್ನು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ಶ್ರೇಣಿಗಾಗಿ ನಡೆಯುವ ಪೈಪೋಟಿಯನ್ನು ಇದು ತಗ್ಗಿಸಬಹುದಾದರೂ, ದೊಡ್ಡ ಶುಲ್ಕ ತೆತ್ತು ಸೇರುವ ಕುಟುಂಬಕ್ಕೆ ಒಳ್ಳೆಯದನ್ನೂ ಸಾಧಾರಣವಾದುದನ್ನೂ ಬೇರ್ಪಡಿಸಿ ತೋರಿಸುವ ಗುರುತು ಅಳಿಸಿಹೋಗದಂತೆ ಎಚ್ಚರ ವಹಿಸಬೇಕಾಗುತ್ತದೆ.

ಯುಜಿಸಿಯ ಮಾನ್ಯತೆ ಒಮ್ಮೆ ಸಿಕ್ಕರೆ ಅದು ಎಂದೆಂದಿಗೂ ಇರುತ್ತದೆ ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು ಖಾಸಗಿ ಸಂಸ್ಥೆಯಲ್ಲ, ರಾಜ್ಯ ಸರ್ಕಾರದ್ದೇ ಆದ ವಿಶ್ವವಿದ್ಯಾಲಯದ ಪ್ರಕರಣ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ರಾಜ್ಯದ ಗಡಿಯಾಚೆಗೂ ಖಾಸಗಿ ಸಹಭಾಗಿ ಕೇಂದ್ರಗಳ ಮೂಲಕ ಕೋರ್ಸುಗಳನ್ನು ನಡೆಸಿದ ಕಾರಣ, 2012–13ರ ನಂತರದ ಅವಧಿಗೆ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರ ಆಗಸ್ಟ್‌ನಲ್ಲಿ. ವಿಶ್ವವಿದ್ಯಾಲಯದ ಕಾಯ್ದೆ ರದ್ದಾಗಿರಲಿಲ್ಲ, ಕಚೇರಿಗಳು ಮುಚ್ಚಿರಲಿಲ್ಲ. ಆದರೂ ದುಡಿಯುತ್ತಲೇ ದೂರಶಿಕ್ಷಣದಲ್ಲಿ ಓದುತ್ತಿದ್ದ ಸಾವಿರಾರು ಜನರ ಪದವಿಗಳು ಅನಿಶ್ಚಿತತೆಗೆ ಬಿದ್ದವು. ತಮ್ಮದಲ್ಲದ ತಪ್ಪಿಗೆ ಅವರು ವರ್ಷಗಟ್ಟಲೆ ಅಲೆದಾಡಬೇಕಾದದ್ದು ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ. ಪಾಳಿ ಕೆಲಸದ ನಡುವೆ ಓದು ಮುಂದುವರಿಸುವ ನೌಕರರೇ ಹೆಚ್ಚಾಗಿರುವ ಬೊಮ್ಮಸಂದ್ರ, ಚಂದಾಪುರದಂಥ ಕಡೆ ಅದರ ಅರ್ಥ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಗಡಿಯ ಪ್ರಶ್ನೆ ಈ ಊರಿಗೆ ಇನ್ನೊಂದು ಬಗೆಯಲ್ಲಿಯೂ ಹತ್ತಿರದ್ದು. ಚಂದಾಪುರದಿಂದ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಅತ್ತಿಬೆಲೆ, ಅದನ್ನು ದಾಟಿದರೆ ತಮಿಳುನಾಡು. ಕರ್ನಾಟಕದ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯವು ಹೊಸೂರಿನ ವಿದ್ಯಾರ್ಥಿಯನ್ನು ಸೇರಿಸಿಕೊಂಡು ಪದವಿ ಕೊಡಬಹುದು. ಆದರೆ ಹೊಸೂರಿಗೇ ಹೋಗಿ ತನ್ನ ಅಧಿಕಾರದಿಂದ ಶಾಖೆ ತೆರೆಯಲಾರದು, ಏಕೆಂದರೆ ಅದರ ಸ್ಥಾಪನಾ ಕಾಯ್ದೆಯ ವ್ಯಾಪ್ತಿ ಅತ್ತಿಬೆಲೆಯ ಚೆಕ್‌ಪೋಸ್ಟಿಗೆ ಮುಗಿಯುತ್ತದೆ. ರಾಜ್ಯದೊಳಗೂ ಹೊರ ಆವರಣ ತೆರೆಯಬೇಕಾದರೆ ಐದು ವರ್ಷ ಕೆಲಸ ಮಾಡಿದ ಮೇಲೆ, ಅನುಮತಿ ಪಡೆದೇ ತೆರೆಯಬೇಕೆಂದು 2003ರ ನಿಯಮಾವಳಿ ಹೇಳುತ್ತದೆ. ಎಲೆಕ್ಟ್ರಾನಿಕ್ಸ್ ಸಿಟಿಯ ಕಂಪನಿಯೊಂದು ಹೊಸದಾಗಿ ಸೇರುವವರ ಹಿನ್ನೆಲೆಯನ್ನು ಪರಿಶೀಲಿಸುವಾಗ ಕೇಳುವ ಪ್ರಶ್ನೆಗಳಲ್ಲಿ ಈ ಇಡೀ ಇತಿಹಾಸದ ಪದರಗಳು ಒಂದರ ಮೇಲೊಂದು ಕಾಣಿಸಿಕೊಳ್ಳುತ್ತವೆ: ಪದವಿ ಕೊಟ್ಟ ಸಂಸ್ಥೆ ಯಾವ ಕಾಯ್ದೆಯಿಂದ ಹುಟ್ಟಿತು, ಅಭ್ಯರ್ಥಿ ಸೇರಿದ ವರ್ಷದಲ್ಲಿ ಅದು ಯುಜಿಸಿಯ ಪಟ್ಟಿಯಲ್ಲಿತ್ತೇ, ಪಾಠ ನಡೆದ ಜಾಗ ಅದರ ವ್ಯಾಪ್ತಿಯೊಳಗಿತ್ತೇ. ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ನ್ಯಾಕ್ ಶ್ರೇಣಿ ಈ ಪ್ರಶ್ನೆಗಳಲ್ಲಿ ಯಾವುದಕ್ಕೂ ಉತ್ತರವಾಗುವುದಿಲ್ಲ.